ಇಎನ್‌ಟಿ ವಿಭಾಗವಿಲ್ಲದ ಕಾಲೇಜಿನಿಂದ ಇಎನ್‌ಟಿ ರೆಸಿಡೆನ್ಸಿಗೆ: ನನ್ನ ಅನುಭವ

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ನಾನು ಓದಿದ ಮೆಡಿಕಲ್ ಸ್ಕೂಲಿನಲ್ಲಿ ಇಎನ್‌ಟಿ ವಿಭಾಗವೇ ಇರಲಿಲ್ಲ. ರೆಸಿಡೆನ್ಸಿ ಎಂಬ ತಜ್ಞ ತರಬೇತಿಯಲ್ಲಿರುವ ರೆಸಿಡೆಂಟ್‌ಗಳಿಲ್ಲ, ಚೇರ್ (ವಿಭಾಗದ ಮುಖ್ಯಸ್ಥರು) ಇಲ್ಲ, ಶಿಫಾರಸು ಲೆಟರ್ ಬರೆದುಕೊಡುವವರೂ ಇಲ್ಲ. ಸಲಹೆಗಾರರು ಮೆಲ್ಲಗೆ ಬೇರೆ ದಾರಿ ತೋರಿಸಿದರು. ಕನ್ನಡ ಕೂಟದ ಒಬ್ಬ ಡಾಕ್ಟರ್ ಅಂಕಲ್ ಮಾತ್ರ ನೇರವಾಗಿ ಹೇಳಿದರು: "ಸುಮ್ನೆ ಇಂಟರ್ನಲ್ ಮೆಡಿಸಿನ್ ಮಾಡಮ್ಮಾ, ಆಮೇಲೆ ಕಾರ್ಡಿಯಾಲಜಿ ಇದ್ದೇ ಇದೆ." ಮಾರ್ಚ್‌ನ ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟು ಹಂಚಿಕೆಯಲ್ಲಿ) ನನ್ನ ರ‍್ಯಾಂಕ್ ಲಿಸ್ಟಿನ ಮೇಲಿನ ಮೂರು ಇಎನ್‌ಟಿ ಪ್ರೋಗ್ರಾಂಗಳಲ್ಲೇ ಒಂದು ಸಿಕ್ಕಿತು. ಅಂಕಲ್‌ಗೆ ಸ್ವೀಟ್ ಬಾಕ್ಸ್ ನಾನೇ ಹೋಗಿ ಕೊಟ್ಟು ಬಂದೆ.

ಮೊದಲ ವರ್ಷವೆಲ್ಲ ಸೋಲೇ. ದೊಡ್ಡ ದೊಡ್ಡ ಹೆಸರಿನ ಇಎನ್‌ಟಿ ಡಾಕ್ಟರುಗಳಿಗೆ ರಾಶಿ ಇಮೇಲ್ ಕಳಿಸಿದೆ. ಮುಕ್ಕಾಲು ಭಾಗಕ್ಕೆ ಉತ್ತರವಿಲ್ಲ. ಬಂದ ಉತ್ತರಗಳೆಲ್ಲ ಒಂದೇ: ಮೊದಲು ನಮ್ಮ ವಿದ್ಯಾರ್ಥಿಗಳು. 2022ರಿಂದ ಸ್ಟೆಪ್ 1 (ಅಮೆರಿಕದ ವೈದ್ಯ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತ) ಬರೀ ಪಾಸ್-ಫೇಲ್ ಆಯಿತಲ್ವಾ, ಅಲ್ಲಿ ಅಂಕ ತೆಗೆದು ತೋರಿಸುವ ದಾರಿಯೂ ಮುಚ್ಚಿತ್ತು. ಉಳಿದದ್ದು ಸ್ಟೆಪ್ 2, ರಿಸರ್ಚ್ ಮತ್ತು ಲೆಟರ್. ಕೊನೆಯ ಎರಡಕ್ಕೂ ವಿಭಾಗ ಬೇಕು.

ರಿಸರ್ಚ್‌ಗೆ ಪುಕ್ಕಟೆ ಡೇಟಾ ಹಿಡಿದೆ. ಚಾರ್ಟ್ ರಿವ್ಯೂ (ರೋಗಿಗಳ ದಾಖಲೆ ನೋಡಿ ಮಾಡುವ ಅಧ್ಯಯನ) ಮಾಡೋಣವೆಂದರೆ ನಮ್ಮಲ್ಲಿ ಇಎನ್‌ಟಿ ರೋಗಿಗಳ ಚಾರ್ಟೇ ಇಲ್ಲ. ಅಮೆರಿಕದ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮಾಡ್ (MAUDE) ಡೇಟಾಬೇಸ್‌ನಲ್ಲಿ, ಕಿವಿ ಕೇಳಿಸಲು ಒಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನಂಥ ಸಾಧನಗಳ ದೂರುಗಳು ಯಾರು ಬೇಕಾದರೂ ಓದುವ ಹಾಗೆ ಬಿದ್ದಿವೆ. ಎನ್‌ಹೇನ್ಸ್ (NHANES) ಎಂಬ ಸರ್ಕಾರಿ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರಾರು ಜನರ ಆಡಿಯೊಮೆಟ್ರಿ (ಶ್ರವಣ ಪರೀಕ್ಷೆ) ಇದೆ. ಅಂಕಿಅಂಶಕ್ಕೆ ನಮ್ಮದೇ ಪಬ್ಲಿಕ್ ಹೆಲ್ತ್ ವಿಭಾಗದ ಪ್ರೊಫೆಸರ್ ಸಿಕ್ಕರು. ಎರಡೂ ಕಡೆಯಿಂದ ಪೇಪರ್ ಬಂದವು. ದೊಡ್ಡ ಜರ್ನಲ್‌ನಲ್ಲಲ್ಲ, ಆದರೂ ಇಂಟರ್ವ್ಯೂಗಳಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಯಾವ ಪ್ರಶ್ನೆ ಹಿಡಿದರೆ ಬೇಗ ಅಕ್ಸೆಪ್ಟ್ ಆಗುತ್ತದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಮ್ಮ ಈಗ ಮೆಡಿಕಲ್ ಎರಡನೇ ವರ್ಷದಲ್ಲಿದ್ದಾನೆ, ಅವನಿಗೆ ಬೇಕಾಗುತ್ತೆ!

ನಿಜವಾಗಿ ಕೆಲಸ ಮಾಡಿದ್ದು ಬೇರೆ. ಒಂದೂವರೆ ಗಂಟೆ ದೂರದ ಊರಿನಲ್ಲಿ ರೆಸಿಡೆನ್ಸಿ ಪ್ರೋಗ್ರಾಂ ಇತ್ತು. ಅವರ ವಾರದ ಬೆಳಗಿನ ಕಾನ್ಫರೆನ್ಸ್‌ಗೆ ಹಿಂದಿನ ಸಾಲಿನಲ್ಲಿ ಕೂರಲು ಬಿಡಿ ಎಂದು ಕೇಳಿದೆ. ಕೇಳಿದ್ದು ಚೇರ್‌ನನ್ನಲ್ಲ, ಪ್ರೋಗ್ರಾಂ ಕೋಆರ್ಡಿನೇಟರನ್ನು. ಇದು ಮುಖ್ಯ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟರೆ ಆರೂವರೆಯ ಕಾನ್ಫರೆನ್ಸ್‌ಗೆ ಸರಿ ಹೋಗುತ್ತಿತ್ತು. "ಪೆಟ್ರೋಲ್ ದಂಡ, ನಿನ್ನನ್ನು ಯಾರೂ ನೋಡಲ್ಲ" ಎಂದು ಸ್ನೇಹಿತರು ನಕ್ಕರು. ಮೊದಲ ಕೆಲವು ತಿಂಗಳು ಅದು ನಿಜವೂ ಆಗಿತ್ತು. ಆಮೇಲೆ ಒಬ್ಬ ಚೀಫ್ ರೆಸಿಡೆಂಟ್ ಟೆಂಪೊರಲ್ ಬೋನ್ ಲ್ಯಾಬ್‌ನಲ್ಲಿ (ಕಿವಿಯ ಮೂಳೆಯ ಮೇಲೆ ಸರ್ಜರಿ ಅಭ್ಯಾಸ ಮಾಡುವ ಜಾಗ) ಖಾಲಿ ಇದ್ದ ಜಾಗಕ್ಕೆ ಕರೆದರು. ಅಲ್ಲಿಂದ ಬಾಗಿಲು ತೆರೆಯಿತು.

ಜೊತೆಗೆ ನಮ್ಮೂರಿನ ಪ್ರೈವೇಟ್ ಇಎನ್‌ಟಿ ಡಾಕ್ಟರ ಕ್ಲಿನಿಕ್. ಅಲ್ಲಿ ರೆಸಿಡೆಂಟ್ ಇಲ್ಲವಾದ್ದರಿಂದ ಕೈ ನನ್ನದೇ. ಮೂಗಿನ ರಕ್ತಕ್ಕೆ ಪ್ಯಾಕಿಂಗ್, ಮೂಗಿನಿಂದ ಗಂಟಲು ನೋಡುವ ಫ್ಲೆಕ್ಸಿಬಲ್ ಸ್ಕೋಪ್, ಉಸಿರಾಟಕ್ಕೆ ಗಂಟಲಿನಲ್ಲಿ ಹಾಕುವ ಟ್ರೇಕಿ ಟ್ಯೂಬ್ ಬದಲಾವಣೆ, ಎಲ್ಲ ಅವರ ಪಕ್ಕದಲ್ಲೇ ನಿಂತು ಮಾಡಿದೆ. ವಿಭಾಗ ಇದ್ದ ಸ್ಕೂಲಿನ ಹುಡುಗರಿಗಿಂತ ಸ್ಕೋಪ್‌ನಲ್ಲಿ ನನ್ನ ಕೈ ಚುರುಕು ಎಂದು ಸಬ್-ಐನಲ್ಲಿ (ಕೊನೆಯ ವರ್ಷ ಒಂದು ಪ್ರೋಗ್ರಾಂನಲ್ಲಿ ಇಂಟರ್ನ್‌ನಂತೆ ಕೆಲಸ ಮಾಡುವ ಅವಧಿ) ಒಬ್ಬ ಅಟೆಂಡಿಂಗ್ (ಹಿರಿಯ ಡಾಕ್ಟರ್) ಹೇಳಿದ್ದು ಸುಳ್ಳಲ್ಲ.

ಸಬ್-ಐ ಕ್ರಮದ ಬಗ್ಗೆ ಎಲ್ಲರೂ ಹೇಳುವುದು: ಮೊದಲು ಯಾವುದೋ ಜಾಗದಲ್ಲಿ ಅಭ್ಯಾಸ ಮಾಡಿ, ಆಮೇಲೆ ಬೇಕಾದ ಕಡೆ ಹೋಗು. ನಾನು ಉಲ್ಟಾ ಮಾಡಿದೆ. ಹಿಂದಿನ ಸಾಲಿನಲ್ಲಿ ಕೂತ ಪ್ರೋಗ್ರಾಂಗೇ ಮೊದಲು ಹೋದೆ. ಮುಖ ಪರಿಚಯವಿದ್ದರಿಂದ ಮೊದಲ ವಾರ ಹೆಸರು ಹೇಳುವುದರಲ್ಲಿ ಹೋಗಲಿಲ್ಲ. ಲೆಟರ್ ಕೂಡ ಸೆಪ್ಟೆಂಬರ್‌ನ ಇರಾಸ್ (ರೆಸಿಡೆನ್ಸಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಗಡುವಿಗೆ ಎಷ್ಟೋ ಮುಂಚೆ ಬಂತು. ಸ್ವಂತ ಕಾಲೇಜಿನ ವಿಭಾಗ ಕೊಡುವ ಹೋಂ ಪ್ರೋಗ್ರಾಂ ಲೆಟರ್‌ನ ಜಾಗದಲ್ಲಿ ಅದೇ ಕೂತಿತು. ಬಿಳಿ ಕೋಟಿನ ಜೇಬಲ್ಲಿ ಕರ್ಲಿಕ್ಸ್ ಬ್ಯಾಂಡೇಜ್, ರಕ್ತ ನಿಲ್ಲಿಸುವ ಸಿಲ್ವರ್ ನೈಟ್ರೇಟ್ ಕಡ್ಡಿ, ಹೊಲಿಗೆ ಬಿಚ್ಚುವ ಕಿಟ್ ಯಾವಾಗಲೂ ಇರಲಿ. ರಾತ್ರಿ ಫ್ಲಾಪ್ (ಕಸಿ ಮಾಡಿದ ಅಂಗಾಂಶ) ಚೆಕ್‌ಗೆ ಇಂಟರ್ನ್ ಜೊತೆ ನೀವೂ ಎದ್ದು ಹೋಗಿ. ಅದರ ರಕ್ತದ ಹರಿವು ಕೇಳಿಸುವ ಡಾಪ್ಲರ್ ಶಬ್ದ ಕ್ಷೀಣಿಸಿದರೆ ಗೊತ್ತಾಗುವಷ್ಟು ಕಿವಿ ಪಳಗಬೇಕು.

ನಡುವೆ ಒಂದು ಹುಚ್ಚು. ಮೈಕ್ರೋವ್ಯಾಸ್ಕುಲರ್ (ಸಣ್ಣ ರಕ್ತನಾಳಗಳ) ಹೊಲಿಗೆ ಕಲಿಯಲು ಸೆಕೆಂಡ್‌ಹ್ಯಾಂಡ್ ಮೈಕ್ರೋಸ್ಕೋಪ್ ತಂದು ಕೋಳಿ ತೊಡೆಯ ರಕ್ತನಾಳ ಜೋಡಿಸುತ್ತಿದ್ದೆ. ಎರಡು-ಮೂರು ಮಿಲಿಮೀಟರ್ ನಾಳ, ಬಳಸಿದ್ದು 9-0 ಅಳತೆಯ ಸಣ್ಣ ನೈಲಾನ್ ದಾರ. ನಮ್ಮದು ಸಸ್ಯಾಹಾರಿ ಮನೆ. ರಜಕ್ಕೆ ಹೋದಾಗ ಗ್ಯಾರೇಜಿನಿಂದ ಒಳಗೆ ತರಲು ಅಮ್ಮ ಬಿಡಲಿಲ್ಲ. ಮ್ಯಾಚ್‌ಗೆ ಇದು ಮೂರು ಕಾಸಿನ ಉಪಯೋಗಕ್ಕೆ ಬರಲಿಲ್ಲ, ಆದರೆ ಇವತ್ತಿಗೂ ಬಿಟ್ಟಿಲ್ಲ.

ದುಡ್ಡಿನ ಮಾತು. ಮೂರು ಸಬ್-ಐ, ತಲಾ ನಾಲ್ಕು ವಾರ. ಒಂದು ಊರಿನಲ್ಲಿ ಬಾಡಿಗೆ 1,300 ಡಾಲರ್ ಹತ್ತಿರ ಹೋಯಿತು. ಇನ್ನೊಂದರಲ್ಲಿ ಕನ್ನಡ ಕೂಟದ ಆಂಟಿ ಬೇಸ್‌ಮೆಂಟ್ ಕೊಟ್ಟರು. ಬಾಡಿಗೆ ಬದಲು ಅವರ ಮಗನಿಗೆ ಕೆಮಿಸ್ಟ್ರಿ ಹೇಳಿಕೊಟ್ಟೆ, ರಾತ್ರಿ ಹತ್ತಕ್ಕೆ ಬಂದರೂ ಬಿಸಿಬೇಳೆಬಾತ್ ಇರುತ್ತಿತ್ತು. ನಾನು ಅರ್ಜಿ ಹಾಕಿದಾಗ ಇರಾಸ್‌ನಲ್ಲಿ ಮೊದಲ 30 ಅರ್ಜಿಗೆ ತಲಾ 11 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ 30 ಇತ್ತು. ಅರವತ್ತರ ಸುಮಾರಿಗೆ ಹಾಕಿದರೆ 1,200 ದಾಟುತ್ತಿತ್ತು. ‘ನಿಮ್ಮಲ್ಲಿ ವಿಶೇಷ ಆಸಕ್ತಿ ಇದೆ’ ಎಂದು ಪ್ರೋಗ್ರಾಂಗೆ ತಿಳಿಸುವ ಸಿಗ್ನಲ್ ಇಎನ್‌ಟಿಗೆ 25 ಇದ್ದವು. ಸಿಗ್ನಲ್ ಕೊಡದ ಕಡೆಯಿಂದ ನನಗೆ ಬಂದ ಕರೆ ಒಂದೋ ಎರಡೋ. ಅರ್ಜಿ ಕಮ್ಮಿ ಹಾಕಿ ಎಂದೇ ನಾನು ಹೇಳೋದು. ಇಂಟರ್ವ್ಯೂ ಎಲ್ಲ ಜೂಮ್‌ನಲ್ಲಿ, ಹಾಗಾಗಿ ವಿಮಾನದ ಖರ್ಚು ಉಳಿಯಿತು. ಪೆಟ್ರೋಲ್, ಊಟ ಸೇರಿ ಒಟ್ಟು ಏಳೋ ಎಂಟೋ ಸಾವಿರ ಡಾಲರ್. ಸಂಬಳವಿಲ್ಲದ ರಿಸರ್ಚ್ ವರ್ಷ ತಗೋ ಎಂದವರ ಮಾತು ಕೇಳಿದ್ದರೆ ಒಂದು ವರ್ಷದ ಬಾಡಿಗೆಗೇ ಇದರ ಎರಡರಷ್ಟು ಸಾಲ ಆಗುತ್ತಿತ್ತು.