ಶಿಖಂಡಿಗೆ ಎಷ್ಟು ನೆನಪಿತ್ತು?

"ನೀನು ಅಂಬೆ ಅಂತಾದರೆ ನಿನ್ನ ಅಪ್ಪ ಯಾರು? ಕಾಶಿಯ ಅರಸನೋ, ಪಾಂಚಾಲದ ದ್ರುಪದನೋ?"

ತಾಳಮದ್ದಳೆಯಲ್ಲಿ ಭೀಷ್ಮನ ಅರ್ಥ ಹೇಳುತ್ತಿದ್ದ ನಮ್ಮ ಮಾಷ್ಟ್ರು ಕೇಳಿದ ಪ್ರಶ್ನೆ ಇದು. ನಾನು ಶಿಖಂಡಿ, ಅಂದರೆ ಭೀಷ್ಮ ಸ್ವಯಂವರದಿಂದ ಹೊತ್ತೊಯ್ದ ಕಾಶಿಯ ಅಂಬೆ ಅವನನ್ನು ಕೊಲ್ಲಲೆಂದು ದ್ರುಪದನ ಮನೆಯಲ್ಲಿ ಮತ್ತೆ ಹುಟ್ಟಿದ ಪಾತ್ರ. ಆಟಿ ತಿಂಗಳು, ಉಡುಪಿಯ ಹತ್ತಿರದ ಒಂದು ದೇವಸ್ಥಾನದ ಚಾವಡಿ, ಹೊರಗೆ ಜೋರು ಮಳೆ. ಅದಕ್ಕೂ ಮೊದಲು ಹತ್ತು ನಿಮಿಷ ನಾನು ಆವೇಶದಿಂದ ಮಾತಾಡಿದ್ದೆ. "ನಾನೇ ಅಂಬೆ, ಮರೆತೆಯಾ, ಅಂದು ನೀನು ನನ್ನ ಬಾಳು ಕೆಡಿಸಿದೆ" ಅಂತೆಲ್ಲ ಹೇಳಿದ್ದೆ. ಈ ಪ್ರಶ್ನೆಗೆ ಮಾತ್ರ ನಾಲಗೆ ಏಳಲಿಲ್ಲ. ಕಾಶಿಯ ಅರಸ ಅಂದರೆ ದ್ರುಪದನ ಪರವಾಗಿ ಬಿಲ್ಲು ಹಿಡಿದು ನಿಂತದ್ದಕ್ಕೆ ಅರ್ಥವಿಲ್ಲ. ದ್ರುಪದ ಅಂದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಭಾಗವತರು ಸ್ವಲ್ಪ ಕಾದು ಮುಂದಿನ ಪದ್ಯ ಎತ್ತಿಕೊಂಡರು. ಪ್ರಸಂಗ ಮುಂದೆ ಹೋಯಿತು. ನಾನು ಅಲ್ಲೇ ಉಳಿದೆ.

ತಾಳಮದ್ದಳೆ ನೋಡದವರಿಗೆ ಒಂದು ಮಾತು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮ ಕಡೆ ಕೂಟಗಳು ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟಬೇಕು. ಮಾತು ಬರೆದು ಕೊಟ್ಟಿರುವುದಿಲ್ಲ. ಎದುರಿನವರು ಏನು ಕೇಳುತ್ತಾರೆಂದು ಗೊತ್ತಿರುವುದೂ ಇಲ್ಲ. ಹಾಗಾಗಿ ಪಾತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ.

ಚಾ ಕುಡಿಯುವಾಗ ಮಾಷ್ಟ್ರು ಬೈಯಲಿಲ್ಲ. "ನೋಡಮ್ಮ, ಅಂಬೆ ಶಿಖಂಡಿಯಾಗಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಅದು ಶಿಖಂಡಿಗೆ ಗೊತ್ತಿತ್ತಾ? ಅದನ್ನು ನೋಡಿಕೊಂಡು ಬಾ" ಅಂದರು.

ಅದನ್ನು ನೋಡಲು ನನಗೆ ಒಂದು ವರ್ಷ ಹಿಡಿಯಿತು.

ಮೊದಲು ಒಂದು ನೋಟುಪುಸ್ತಕ ತೆಗೆದುಕೊಂಡೆ. ಹಿಂದಿನ ಜನ್ಮ ಇರುವ ಪಾತ್ರಗಳನ್ನು ಒಂದೊಂದಾಗಿ ಬರೆದೆ. ಯಾರು ಯಾರಾಗಿ ಹುಟ್ಟಿದರು ಅನ್ನುವ ಪಟ್ಟಿ ವಾಟ್ಸಾಪಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅದರಿಂದ ಅರ್ಥ ಹೇಳಲು ಆಗುವುದಿಲ್ಲ. ನಾನು ಪ್ರತಿ ಹೆಸರಿನ ಮುಂದೆ ಎರಡು ಪ್ರಶ್ನೆ ಇಟ್ಟೆ. ಇವರಿಗೆ ಹಿಂದಿನದು ನೆನಪುಂಟಾ? ಇಲ್ಲದಿದ್ದರೆ ಆ ಮಾತು ಹೇಳುವುದು ಯಾರು?

ಜಯ ವಿಜಯರಿಂದ ಶುರು ಮಾಡಿದೆ. ಭಾಗವತ ಪುರಾಣದ ಪ್ರಕಾರ ವೈಕುಂಠದ ಬಾಗಿಲು ಕಾಯುವವರು ಸನಕಾದಿಗಳ ಶಾಪದಿಂದ ಹಿರಣ್ಯಾಕ್ಷ ಹಿರಣ್ಯಕಶಿಪು ಆದರು, ಆಮೇಲೆ ರಾವಣ ಕುಂಭಕರ್ಣ, ಕೊನೆಗೆ ಶಿಶುಪಾಲ ದಂತವಕ್ರ. ಮೂರು ಜನ್ಮದಲ್ಲೂ ಅವರಿಗೆ ತಾವು ಯಾರೆಂದು ಗೊತ್ತಿಲ್ಲ. ಶಿಶುಪಾಲ ಕೃಷ್ಣನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ತಲೆ ಬಿದ್ದ ಮೇಲೆ ಅವನ ದೇಹದಿಂದ ಹೊರಟ ಬೆಳಕು ಹೋಗಿ ಕೃಷ್ಣನನ್ನೇ ಸೇರುತ್ತದೆ. ಬೈದ ಬಾಯಿಗೆ ತಿಳಿಯದ್ದು ಆ ಬೆಳಕಿಗೆ ತಿಳಿದಿತ್ತು. ಆ ಸಾಲನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ವೇದವತಿ ಅಂಬೆಗೆ ತುಂಬ ಹತ್ತಿರದವಳು. ರಾಮಾಯಣದ ಉತ್ತರಕಾಂಡದಲ್ಲಿ ರಾವಣ ಅವಳ ಕೂದಲಿಗೆ ಕೈ ಹಾಕುತ್ತಾನೆ. ಅವಳು ಆ ಕೂದಲನ್ನೇ ಕತ್ತರಿಸಿ, ನಿನ್ನ ಸಾವಿಗಾಗಿ ಮತ್ತೆ ಹುಟ್ಟುತ್ತೇನೆ ಅಂತ ಹೇಳಿ ಬೆಂಕಿಗೆ ಹಾರುತ್ತಾಳೆ. ಅವಳೇ ಸೀತೆ. ಆದರೆ ಅಶೋಕವನದಲ್ಲಿ ರಾವಣ ಎದುರಿಗೇ ಬಂದು ನಿಂತಾಗಲೂ ಸೀತೆ "ನಾನು ವೇದವತಿ" ಅನ್ನುವುದಿಲ್ಲ. ಅವಳ ಬಾಯಲ್ಲಿ ಬರುವುದು ರಾಮನ ಹೆಸರು.

ಉಡುಪಿಯವರಿಗೆ ಇನ್ನೊಂದು ಲೆಕ್ಕ ಚಿಕ್ಕಂದಿನಿಂದಲೇ ಗೊತ್ತು. ಹನುಮ, ಭೀಮ, ಮಧ್ವ. ಮೂವರೂ ವಾಯುವಿನ ಅವತಾರ. ಮಧ್ವಾಚಾರ್ಯರ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಇನ್ನೂ ಒಂದು ಜೋಡಿ ಇದೆ. ಇಂದ್ರ ರಾಮಾಯಣದಲ್ಲಿ ವಾಲಿ, ಭಾರತದಲ್ಲಿ ಅರ್ಜುನ. ಸೂರ್ಯ ಅಲ್ಲಿ ಸುಗ್ರೀವ, ಇಲ್ಲಿ ಕರ್ಣ. ರಾಮ ಸೂರ್ಯನ ಕಡೆ ನಿಂತು ವಾಲಿಯನ್ನು ಹೊಡೆದ, ಕೃಷ್ಣ ಇಂದ್ರನ ಕಡೆ ನಿಂತು ಕರ್ಣನನ್ನು ಬೀಳಿಸಿದ. ಇದನ್ನು ಮೊದಲ ಸಲ ಕೇಳಿದಾಗ ಎರಡು ಕಥೆಯೂ ಒಂದೇ ತಕ್ಕಡಿಯಲ್ಲಿ ಕೂತ ಹಾಗೆ ಅನಿಸಿತ್ತು. ಆದರೆ ಅವತಾರ, ಅಂಶ ಅನ್ನುವುದು ಅಂಬೆಯ ಪುನರ್ಜನ್ಮದ ಹಾಗಲ್ಲ. ಅಂಬೆ ಸತ್ತು ಹುಟ್ಟಿದಳು. ಸೂರ್ಯ ಸಾಯಲಿಲ್ಲ, ಆಕಾಶದಲ್ಲಿ ಇದ್ದೇ ಕರ್ಣನೂ ಆದ. ವನಪರ್ವದಲ್ಲಿ ಹನುಮನೂ ಭೀಮನೂ ಎದುರು ಬದುರು ಬರುತ್ತಾರೆ, ಭೀಮನಿಗೆ ಆ ಬಾಲ ಎತ್ತಲು ಆಗುವುದಿಲ್ಲ. ಈ ಎರಡನ್ನು ಕಲಸಿದರೆ ಕೂಟದಲ್ಲಿ ಸಿಕ್ಕಿಬೀಳುತ್ತೇವೆ. ಹಾಗೆಯೇ ಕರ್ಣ ಸಹಸ್ರಕವಚ ಅನ್ನುವ ಅಸುರನ ಮರುಹುಟ್ಟು, ಕೃಷ್ಣನ ಕಾಲಿಗೆ ಬಾಣ ಬಿಟ್ಟ ಜರ ವಾಲಿಯ ಮರುಹುಟ್ಟು ಅನ್ನುವ ಕಥೆಗಳೂ ಇವೆ. ಕೇಳಲು ಚಂದ. ಆದರೆ ವ್ಯಾಸಭಾರತದ ಮೌಸಲಪರ್ವದಲ್ಲಿ ಜರ ಒಬ್ಬ ಬೇಡ, ಅಷ್ಟೇ. ನಾನು ಇಂಥದ್ದನ್ನೆಲ್ಲ ಬೇರೆ ಪುಟದಲ್ಲಿ ಬರೆದಿಟ್ಟೆ.

ಇಷ್ಟಾದ ಮೇಲೆ ಉದ್ಯೋಗಪರ್ವದ ಅಂಬೋಪಾಖ್ಯಾನಕ್ಕೆ ಬಂದೆ. ರಜೆಯ ದಿನಗಳಲ್ಲಿ ಕನ್ನಡ ಅನುವಾದ ಇಟ್ಟುಕೊಂಡು ನಿಧಾನವಾಗಿ ಓದಿದೆ. ಅದು ಭೀಷ್ಮನೇ ದುರ್ಯೋಧನನಿಗೆ ಹೇಳುವ ಕಥೆ. ಇದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಅಂಬೆಯ ಕಥೆ ಪೂರ್ತಿ ಗೊತ್ತಿರುವುದು ಭೀಷ್ಮನಿಗೆ.

ಹೇಗೆ ಗೊತ್ತು? ಅದನ್ನೂ ಅವನೇ ಹೇಳುತ್ತಾನೆ. ಅಂಬೆಯ ಪರ ನಿಂತ ತನ್ನ ಗುರು ಪರಶುರಾಮನ ಜೊತೆಗಿನ ಯುದ್ಧ ಮುಗಿದು ಅಂಬೆ ತಪಸ್ಸಿಗೆ ಹೋದಾಗ ಅವಳ ಹಿಂದೆ ಜನ ಇಟ್ಟಿದ್ದ. ಅವಳು ಎಲ್ಲಿ ಹೋದಳು, ಏನು ಮಾತಾಡಿದಳು, ಏನು ಮಾಡಿದಳು ಅಂತ ದಿನದಿನವೂ ಸುದ್ದಿ ಬರುತ್ತಿತ್ತು. ಮುಂದೆ ದ್ರುಪದನ ಮನೆಯಲ್ಲಿ ಶಿಖಂಡಿ ಹುಟ್ಟಿದ ಮೇಲೆ ಅಲ್ಲಿಗೂ ಕುರುಡರ ಹಾಗೆ, ಕಿವುಡರ ಹಾಗೆ, ಪೆದ್ದರ ಹಾಗೆ ನಟಿಸುವ ಗೂಢಚಾರರನ್ನು ಕಳಿಸಿದ. ಹೆಂಗಸರ ಕಡೆ ನೋಡದೆ ಬದುಕುತ್ತೇನೆ ಎಂದವನು ಒಬ್ಬ ಹೆಂಗಸನ್ನು ಎರಡು ಜನ್ಮ ಕಣ್ಣು ಬಿಡದೆ ಕಾದ.

ಭೀಷ್ಮನಿಗೆ ತನ್ನದೇ ಹಿಂದಿನ ಜನ್ಮವೂ ಸ್ವಲ್ಪ ತಾಗುತ್ತದೆ. ಅವನು ವಸಿಷ್ಠರ ಶಾಪದಿಂದ ಹುಟ್ಟಿದ ವಸು, ಎಂಟು ವಸುದೇವತೆಗಳಲ್ಲಿ ಒಬ್ಬ. ಪರಶುರಾಮನ ಜೊತೆ ದಿನಗಟ್ಟಲೆ ಹೋರಾಡಿ ಸೋತು ಮಲಗಿದ ರಾತ್ರಿ ಕನಸಿನಲ್ಲಿ ಎಂಟು ಮಂದಿ ಬರುತ್ತಾರೆ. ನೀನು ನಮ್ಮದೇ ಶರೀರ ಅನ್ನುತ್ತಾರೆ. ಪ್ರಸ್ವಾಪ ಅನ್ನುವ ಅಸ್ತ್ರ ಉಂಟು, ಹಿಂದಿನ ದೇಹದಲ್ಲಿ ಅದು ನಿನಗೆ ಗೊತ್ತಿತ್ತು, ಈಗಲೂ ಗುರುತು ಹಿಡಿಯುತ್ತಿ ಅನ್ನುತ್ತಾರೆ. ನೆನಪು ತಾನಾಗಿ ಬರುವುದಿಲ್ಲ, ಬೇರೆಯವರು ಬಂದು ಹೇಳಬೇಕು. ಇದರ ಕೆಳಗೆ ಎರಡು ಗೆರೆ ಎಳೆದೆ.

ಅಂಬೆಯ ವಿಷಯ ಇನ್ನೂ ಸಿಕ್ಕು. ಶಿವ ಅವಳಿಗೆ ಕೊಟ್ಟ ವರದಲ್ಲಿ ಬೇರೆ ದೇಹ ಬಂದ ಮೇಲೂ ಇದೆಲ್ಲ ನೆನಪಾಗುತ್ತದೆ ಅಂತ ಇದೆ. ಅವಳು ಯಮುನೆಯ ದಡದಲ್ಲಿ ಚಿತೆ ಮಾಡಿ, ಭೀಷ್ಮನ ವಧೆಗಾಗಿ ಅಂತ ಹೇಳಿ ಬೆಂಕಿಗೆ ಹಾರಿದಳು. ಹಾಗಾದರೆ ನಾನು ಮೊದಲು ಆಡಿದ್ದೇ ಸರಿ ಅಲ್ವಾ ಅಂತ ಖುಷಿಯಾಯಿತು.

ಆ ಖುಷಿ ಭೀಷ್ಮಪರ್ವಕ್ಕೆ ಬರುವವರೆಗೆ ಮಾತ್ರ. ರಣರಂಗದಲ್ಲಿ ಭೀಷ್ಮ, ನೀನು ಹೊಡೆ, ಬಿಡು, ನಾನು ನಿನ್ನ ಮೇಲೆ ಬಾಣ ಬಿಡುವುದಿಲ್ಲ, ಬ್ರಹ್ಮ ಹೆಣ್ಣಾಗಿ ಮಾಡಿದ ಅದೇ ಶಿಖಂಡಿನಿ ನೀನು ಅನ್ನುತ್ತಾನೆ. ಶಿಖಂಡಿ ಉತ್ತರ ಕೊಡುತ್ತಾನೆ. ಅದರಲ್ಲಿ ಒಂದು ಮಾತು ಹೀಗಿದೆ: ಪರಶುರಾಮನ ಜೊತೆ ನೀನು ಮಾಡಿದ ಯುದ್ಧದ ವಿಷಯ ನಾನು ಕೇಳಿದ್ದೇನೆ.

ಕೇಳಿದ್ದೇನೆ! ಆ ಯುದ್ಧ ನಡೆದದ್ದೇ ಅಂಬೆಗಾಗಿ. ಅದು ಮುಗಿದಾಗ ಪರಶುರಾಮ ಕೈ ಚೆಲ್ಲಿ ಮಾತಾಡಿದ್ದು ಅವಳ ಹತ್ತಿರ. ಈಗ ಅದೇ ಜೀವ ಊರಿನವರ ಬಾಯಲ್ಲಿ ಕೇಳಿದ ಸುದ್ದಿಯ ಹಾಗೆ ಅದನ್ನು ಹೇಳುತ್ತದೆ.

ವರದಲ್ಲಿ ನೆನಪುಂಟು, ರಣರಂಗದಲ್ಲಿ ಕಾಣುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಗಂಗೆಯ ಶಾಪದಲ್ಲಿತ್ತು. ಅಂಬೆ ತಪಸ್ಸು ಮಾಡುವಾಗ ಗಂಗೆ ಬಂದು, ನೀನು ಮಳೆಗಾಲದಲ್ಲಿ ಮಾತ್ರ ನೀರಿರುವ ಡೊಂಕು ಹೊಳೆಯಾಗು, ಎಂಟು ತಿಂಗಳು ನಿನ್ನ ಗುರುತೇ ಯಾರಿಗೂ ಸಿಗದಿರಲಿ ಅಂತ ಶಪಿಸುತ್ತಾಳೆ. ಅಂಬೆಯ ಅರ್ಧ ದೇಹ ವತ್ಸದೇಶದಲ್ಲಿ ಹೊಳೆಯಾಗುತ್ತದೆ, ಉಳಿದರ್ಧ ಹುಡುಗಿಯಾಗಿ ತಪಸ್ಸು ಮುಂದುವರಿಸುತ್ತದೆ. ನಮ್ಮ ಕಲ್ಯಾಣಪುರದ ಮನೆಯ ಹಿಂದೆ ಅಂಥದ್ದೇ ಒಂದು ತೋಡು ಇದೆ. ಜೂನಿನಲ್ಲಿ ಹತ್ತಿರ ಹೋಗಲು ಹೆದರಿಕೆ, ಮಾರ್ಚಿನಲ್ಲಿ ಮಕ್ಕಳು ಅದರಲ್ಲಿ ಕ್ರಿಕೆಟ್ ಆಡುತ್ತಾರೆ. ಶಿಖಂಡಿಯ ನೆನಪನ್ನು ನಾನು ಹಾಗೆ ಇಟ್ಟುಕೊಂಡೆ. ಹರಿದ ಜಾಗ ಇದೆ. ನೀರು ಮೇಲಿಂದ ಬರಬೇಕು. ಇದು ಗ್ರಂಥದ ಮಾತಲ್ಲ, ಅರ್ಥ ಹೇಳುವವಳಾಗಿ ನಾನು ಮಾಡಿಕೊಂಡ ಆಯ್ಕೆ.

ಆಮೇಲೆ ಅಭ್ಯಾಸ. ಬೆಳಿಗ್ಗೆ ತೋಟಕ್ಕೆ ನೀರು ಬಿಡುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಂದೇ ನಿಯಮ: ಶಿಖಂಡಿಯ ಬಾಯಲ್ಲಿ ಅಂಬೆಯನ್ನು "ನಾನು" ಅನ್ನಬಾರದು, "ಅವಳು" ಅನ್ನಬೇಕು. ಹೇಳುವಷ್ಟು ಸುಲಭ ಅಲ್ಲ ಅದು. ಸಿಟ್ಟು ಏರಿದ ಹಾಗೆ ನಾಲಗೆ "ನಾನು" ಕಡೆಗೇ ಜಾರುತ್ತದೆ. ಸಿಟ್ಟು ಇರಬೇಕು, ಅದರ ಬುಡ ಗೊತ್ತಿರಬಾರದು. ಇದು ಸ್ವರಕ್ಕೆ ಬರಲು ಎರಡು ತಿಂಗಳು ಬೇಕಾಯಿತು. ದಶಾರ್ಣದ ಹಿರಣ್ಯವರ್ಮನ ಮಗಳ ಜೊತೆ ಮದುವೆ, ಗುಟ್ಟು ಬಯಲಾಗಿ ಕಾಡಿಗೆ ಓಡಿದ್ದು, ಸ್ಥೂಣ ಅನ್ನುವ ಯಕ್ಷ ತನ್ನ ಗಂಡಸುತನ ಕೊಟ್ಟದ್ದು, ಇದೆಲ್ಲ ಶಿಖಂಡಿಯದ್ದೇ ಜೀವನ. ಅಲ್ಲಿ ಧೈರ್ಯವಾಗಿ "ನಾನು" ಅನ್ನಬಹುದು. ಹಾಗೆ ಅಂದಾಗ ಪಾತ್ರಕ್ಕೆ ತನ್ನದೇ ಕಾಲು ಬಂದಂತಾಯಿತು.

ಮರುವರ್ಷ ಅದೇ ಚಾವಡಿ. ಮೊದಲು ಭೀಷ್ಮ ವಿಜಯ, ಅದರಲ್ಲಿ ಅಂಬೆಯೂ ನಾನೇ. ಆಮೇಲೆ ಭೀಷ್ಮ ಬೀಳುವ ಭಾಗ. ಮಾಷ್ಟ್ರು ಎದುರಿಗೆ ಕೂತಿದ್ದರು. ಹಳೆಯ ಪ್ರಶ್ನೆಯನ್ನೇ ಕೇಳಿದರು. "ನಿನ್ನ ಅಪ್ಪ ಯಾರು?"

"ದ್ರುಪದ" ಅಂದೆ. "ಕಾಶಿಯಲ್ಲಿ ಒಬ್ಬಳಿದ್ದಳಂತೆ. ಅವಳಿಗಾಗಿ ನೀವು ಗುರುವಿನ ಜೊತೆಯೇ ಯುದ್ಧ ಮಾಡಿದಿರಂತೆ. ಕೇಳಿದ್ದೇನೆ. ಕಂಡವಳಲ್ಲ ಅವಳು ನನಗೆ. ಆದರೆ ಗಾಂಗೇಯಾ, ಈ ಹತ್ತು ದಿನ ಇಲ್ಲಿ ಎಷ್ಟು ಜನ ಬಂದರು, ಯಾರ ಎದುರೂ ನೀವು ಬಿಲ್ಲು ಇಳಿಸಲಿಲ್ಲ. ನನ್ನನ್ನು ನೋಡಿ ಇಳಿಸಿದಿರಿ. ನಾನು ಯಾರೆಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಹೇಳಿ, ನಾನು ಯಾರು?"

ಮಾಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಮದ್ದಳೆಯವರು ಕೈ ಎತ್ತಿದ್ದವರು ಹಾಗೇ ನಿಲ್ಲಿಸಿದರು. ಹಂಚಿನ ಮೇಲೆ ಮಳೆಯ ಸದ್ದು ಮಾತ್ರ. ಕೊನೆಗೆ ಅವರು ಮುಖ ಬೇರೆ ಕಡೆ ತಿರುಗಿಸಿ, ತುಂಬ ಸಣ್ಣ ಸ್ವರದಲ್ಲಿ, "ಅಂಬೆ" ಅಂದರು.

ನನ್ನ ಪಾಲಿಗೆ ಇನ್ನೂ ಒಂದು ಪದ್ಯ ಬಾಕಿ ಇತ್ತು. ಭಾಗವತರು ನನ್ನ ಮುಖ ನೋಡಿದರು. ನಾನು ಬೇಡ ಅಂತ ತಲೆ ಆಡಿಸಿದೆ. ಅವರು ಅರ್ಜುನನ ಪದ್ಯ ಎತ್ತಿಕೊಂಡರು.