ಒಂದೇ ಗುಡ್ಡೆಯಲ್ಲಿ ಮೂವರು ಅಕ್ಕತಂಗಿಯರು

ಮುಸುಕಿನ ಜೋಳ, ಬೀನ್ಸ್, ಸಿಹಿಗುಂಬಳ. ನಮ್ಮ ಸಂತೆಯಲ್ಲಿ ದಿನಾ ಸಿಗುವ ಈ ಮೂರರ ತವರೂ ಅಮೆರಿಕ ಖಂಡ. ಅಲ್ಲಿನ ಮೂಲನಿವಾಸಿಗಳಾದ ಹೋಡೆನೊಶೋನಿ ಜನ ಇವನ್ನು ‘ಮೂವರು ಅಕ್ಕತಂಗಿಯರು’ ಎಂದು ಕರೆದು ಒಟ್ಟಿಗೇ ಬೆಳೆಯುತ್ತಾರೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಕಂಡವರಿಗೆ ಇದು ತೀರಾ ಹೊಸದೇನಲ್ಲ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ ಇರುವುದು ಹೋಡೆನೊಶೋನಿಗಳಲ್ಲೊಂದು ಪಂಗಡವಾದ ಕಯೂಗಾ ಜನರ ನೆಲದಲ್ಲಿ. 1779ರಲ್ಲಿ ಅಮೆರಿಕದ ಸೈನ್ಯ ಅವರ ಊರು, ಹೊಲಗಳನ್ನು ಸುಟ್ಟಿತ್ತು. ಅಂಥ ಕ್ಯಾಂಪಸ್ಸಿನಲ್ಲಿ ಪಾತಿ ಮಾಡುವುದಾದರೆ ಗುದ್ದಲಿ ಆಮೇಲೆ, ಮೊದಲು ಆ ನೆಲದ ಜನರನ್ನು ಮಾತಾಡಿಸಿ. ಯಾವ ಬೀಜ, ಬೆಳೆದದ್ದು ಯಾರಿಗೆ ಎಂದು ಅವರನ್ನೇ ಕೇಳಿ.

ಚೆನ್ನಾಗಿ ಬಿಸಿಲು ಬೀಳುವ ಕಡೆ ನಾಲ್ಕಡಿಗೊಂದು ಮಣ್ಣಿನ ಗುಡ್ಡೆ ಹಾಕಿ. ಒಂದಡಿ ಎತ್ತರ ಸಾಕು, ನೆತ್ತಿ ಚಪ್ಪಟೆಯಾಗಿರಲಿ. ಚಳಿ ದೇಶ ಅಲ್ವಾ, ಗುಡ್ಡೆಯ ಮಣ್ಣು ಬೇಗ ಬೆಚ್ಚಗಾಗುತ್ತದೆ. ಗುಡ್ಡೆಗಳು ಒಂದೇ ಉದ್ದ ಸಾಲಿನಲ್ಲಿ ಬೇಡ, ಚೌಕವಾಗಿರಲಿ. ಜೋಳದ ಪರಾಗ ಗಾಳಿಯಲ್ಲಿ ಹಾರುವಂಥದ್ದು. ಸುತ್ತ ಜೋಳವಿದ್ದರೇ ತೆನೆ ತುಂಬ ಕಾಳು.

ಹಿಮದ ಕಾಟ ಮುಗಿದ ಮೇಲೆ, ಅಂದರೆ ಮೇ ಕೊನೆಗೆ, ಗುಡ್ಡೆಗೆ ನಾಲ್ಕೈದು ಜೋಳ ಊರಿ. ಹಿಟ್ಟಿಗೆ ಬಳಸುವ ಗಟ್ಟಿ ಕಾಳಿನ ಜೋಳವೇ ಆಗಬೇಕು. ಸ್ವೀಟ್ ಕಾರ್ನನ್ನು ಹಸಿಯಾಗಿಯೇ ಕೀಳಬೇಕು, ಆಗ ಕುಂಬಳದ ಬಳ್ಳಿ ಕಾಲಡಿಗೆ ಸಿಗುತ್ತದೆ.

ಹೊಸಬರು ಎಡವುವುದು ಇಲ್ಲಿಂದ ಮುಂದೆ. ಮೂರನ್ನೂ ಒಂದೇ ದಿನ ಬಿತ್ತಿಬಿಟ್ಟರೆ ಬೀನ್ಸ್ ಬಳ್ಳಿ ಎಳೆ ಜೋಳವನ್ನು ಸುತ್ತಿ ಕೆಡವುತ್ತದೆ. ಅಕ್ಕ, ಅಂದರೆ ಜೋಳ, ಗೇಣುದ್ದ ಆಗುವ ತನಕ ಕಾಯಿರಿ. ಆಮೇಲೆ ಸುತ್ತ ನಾಲ್ಕು ಬೀನ್ಸ್ ಕಾಳು ಹಾಕಿ. ಹಬ್ಬುವ ಜಾತಿಯೇ ಬೇಕು. ಮತ್ತೊಂದು ವಾರ ಬಿಟ್ಟು ಗುಡ್ಡೆಯ ಅಂಚಿಗೆ ಕುಂಬಳ ಊರಿ. ಅದರ ಅಗಲ ಎಲೆ ನೆಲ ಮುಚ್ಚಿ ತೇವ ಉಳಿಸುತ್ತದೆ. ಅಲ್ಲಿಯವರೆಗೆ ಕಳೆ ಕೀಳುವುದು ನಿಮ್ಮ ಪಾಲು.

ಬೀನ್ಸ್ ಇದೆಯಲ್ಲ, ಗೊಬ್ಬರ ಯಾಕೆ ಎನ್ನಬೇಡಿ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುವುದು ನಿಜ. ಆದರೆ ಪಕ್ಕದ ಜೋಳಕ್ಕೆ ಅದೇ ವರ್ಷ ಸಿಗುವುದು ಕಡಿಮೆ. ಬಳ್ಳಿಯನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಗೆ ಲಾಭ.

ಕ್ಯಾಂಪಸ್ಸಿನ ದೊಡ್ಡ ತಲೆನೋವು ರಜೆ. ಬಿತ್ತುವ ಹೊತ್ತಿಗೇ ಹುಡುಗರು ಊರಿಗೆ ಹೊರಡುತ್ತಾರೆ. ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಎಂದು ಏಪ್ರಿಲ್‌ನಲ್ಲೇ ಹೆಸರು ಬರೆದಿಡಿ. ಹುಡುಗರು ಮರಳುವ ಹೊತ್ತಿಗೆ ಕಾಳು ಬಲಿಯುತ್ತಿರುತ್ತದೆ. ಕೊಯ್ದ ತೆನೆಯ ಸಿಪ್ಪೆ ಹಿಂದಕ್ಕೆ ಎಳೆದು, ಜಡೆ ಹೆಣೆದು ಒಣಗಲು ತೂಗುಹಾಕಿ. ಬೀಜದ ತೆನೆ ಆರಿಸಿಟ್ಟ ಮೇಲೆಯೇ ಅಡುಗೆಗೆ.