ಪೈಪ್ ಊದುತ್ತಾ ಕಳೆದ ವರ್ಷಗಳು

ಎಂ.ಟೆಕ್‌ನಲ್ಲಿ ನಾನು ಓದಿದ್ದು ನಾಲೆ, ಕೆರೆ, ಕೋಡಿ. ನೀರನ್ನು ಹೇಗೆ ಹರಿಸಬೇಕು ಅನ್ನೋ ಲೆಕ್ಕ. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಬರೆದ ಪ್ರಬಂಧ ಕೈಗೆ ಸಿಕ್ಕಿತು. ನೀಲಗಿರಿಯ ಪೀಟ್, ಅಂದರೆ ಜೌಗಿನಲ್ಲಿ ಅರೆಬರೆ ಕೊಳೆತ ಗಿಡಗಳಿಂದಾದ ಮಣ್ಣು, ಅಗೆದು 20,000 ವರ್ಷಗಳ ಹವಾಮಾನ ಓದಿದ್ದರು. ಕೆಸರಲ್ಲಿ ಇಷ್ಟೆಲ್ಲಾ ಇರುತ್ತಾ ಅನ್ನಿಸಿತು. ಪಿಎಚ್‌ಡಿಗೆ ಸ್ಕಾಟ್ಲೆಂಡಿಗೆ ಹೋದೆ.

ಅಲ್ಲಿನ ಉತ್ತರ ತುದಿಯ ಫ್ಲೋ ಕಂಟ್ರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಪೀಟ್. ನೀರು ನಿಂತಲ್ಲಿ ಗಾಳಿ ಇಳಿಯುವುದಿಲ್ಲ. ಹಾಗಾಗಿ ಸತ್ತ ಪಾಚಿ ಪೂರ್ತಿ ಕೊಳೆಯದೆ, ಇಂಗಾಲ ಹಿಡಿದುಕೊಂಡು ಕೂರುತ್ತದೆ. ಹೀಗೆ ಪೀಟ್ ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೆ. 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಇಲ್ಲಿ ನೀರು ಬಸಿಯಲು ಕಾಲುವೆ ತೋಡಿ ಸ್ಪ್ರೂಸ್, ಪೈನ್ ಮರ ನೆಟ್ಟರು. 1988ರಲ್ಲಿ ರಿಯಾಯಿತಿ ಹೋಯಿತು. ಈಗ ಎಷ್ಟೋ ಕಡೆ ಮರ ಕಡಿದು, ನೀರು ಹರಿದುಹೋಗದಂತೆ ಆ ಕಾಲುವೆಗಳನ್ನು ಮುಚ್ಚುತ್ತಿದ್ದಾರೆ. ನೀರು ಮತ್ತೆ ಮೇಲೆ ಬಂತಾ ಅಂತ ನೋಡೋದು ನನ್ನ ಕೆಲಸ.

ಅದಕ್ಕೆ ಬೇಕಾದ್ದು ತೂತು ಕೊರೆದ ಪ್ಲಾಸ್ಟಿಕ್ ಪೈಪ್. ಪೀಟ್‌ನಲ್ಲಿ ನೆಟ್ಟರೆ ಒಳಗೆ ನೀರು ನಿಲ್ಲುತ್ತದೆ. ಸೆನ್ಸರ್ ಕೈಕೊಟ್ಟ ದಿನ, ಅಳತೆ ಗುರುತು ಹಾಕಿದ ಸಣ್ಣ ನಳಿಕೆಯನ್ನು ಬಾಯಲ್ಲಿ ಊದುತ್ತಾ ಒಳಗಿಳಿಸುತ್ತೇವೆ. ಗುಳುಗುಳು ಅಂದ ಕಡೆ ನೀರು. ಮನೆಯ ನೀರಿನ ಸಂಪ್‌ಗೆ ಕೋಲು ಇಳಿಸಿ ನೋಡೋ ಥರಾನೇ, ಅಲ್ವಾ?

ಮೊದಲ ಬೇಸಿಗೆ ಒಣಗಿದ್ದರೂ ನನ್ನ ಅಂಕಿಗಳಲ್ಲಿ ನೀರು ಅಷ್ಟೇನೂ ಇಳಿದಿರಲಿಲ್ಲ. ಖುಷಿಯಾಗಿ ಗೈಡ್‌ಗೆ ತೋರಿಸಿದೆ. ನಕ್ಕುಬಿಟ್ಟರು. ಒಣಗಿದ ಪೀಟ್ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ನೀರಿನ ಜೊತೆ ನೆಲವೂ ಇಳಿದಿತ್ತು, ನೆಲದ ಜೊತೆ ನನ್ನ ಪೈಪೂ! ಆಮೇಲೆ ಪೀಟ್ ದಾಟಿ ಅಡಿಯ ಗಟ್ಟಿ ಮಣ್ಣಿಗೆ ಸರಳು ಹೊಡೆದು, ಅದನ್ನೇ ಗುರುತಾಗಿಟ್ಟು ಅಳೆದೆ.

ಜೌಗಿನಿಂದ ಏಳುವ, ಭೂಮಿಯನ್ನು ಬಿಸಿಮಾಡುವ ಅನಿಲ ಮೀಥೇನ್ ಅಳೆಯುವಾಗ ಇನ್ನೊಂದು ಎಡವಟ್ಟು. ನೆಲಕ್ಕೆ ಡಬ್ಬ ಬೋರಲು ಹಾಕಿ ಒಳಗಿನ ಗಾಳಿ ನೋಡುತ್ತಿದ್ದೆ. ಒಮ್ಮೆಲೇ ಅಂಕಿ ಜಿಗಿಯಿತು. ನನ್ನದೇ ಬೂಟು ಪಕ್ಕದಲ್ಲಿ ಒತ್ತಿ ಗುಳ್ಳೆ ಎಬ್ಬಿಸಿತ್ತು. ಈಗ ಹಲಗೆ ಹಾಸದೆ ಹತ್ತಿರ ಹೋಗಲ್ಲ.

ಕೆಲಸವೆಲ್ಲ ಮೂರು ಮೂರು ವರ್ಷದ ಕಾಂಟ್ರ್ಯಾಕ್ಟ್. ಪೀಟ್ ಮೂರು ಮಿಲಿಮೀಟರ್ ಏರುವಷ್ಟರಲ್ಲಿ ದುಡ್ಡು ಖಾಲಿ.

ಕಾಲುವೆ ಮುಚ್ಚಿದರೆ ಮೀಥೇನ್ ಜಾಸ್ತಿಯಾಗುತ್ತಲ್ಲ ಅಂತ ಕೇಳುವವರಿದ್ದಾರೆ. ಹೌದು, ಆಗುತ್ತದೆ. ಆದರೆ ಮೀಥೇನ್ ಗಾಳಿಯಲ್ಲಿ ಉಳಿಯೋದು ಹತ್ತು-ಹನ್ನೆರಡು ವರ್ಷ. ಒಣಗಿದ ಪೀಟ್ ಬಿಡೋ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಇರುತ್ತದೆ. ನನ್ನನ್ನು ಕೇಳಿದರೆ, ಮುಚ್ಚೋದೇ ಸರಿ.